ಪತನಮೀಮಾಂಸೆ: ಲಿಂಗರಾಜಪುರದ ಬಚ್ಚಲುಮನೆಗಳನ್ನು ಕುರಿತು ಒಂದು ಪ್ರೌಢ ಪ್ರಬಂಧ

ಮೇಲಿದ್ದದ್ದು ಕೆಳಗೆ ಬರುವುದೇಕೆ ಎಂಬುದನ್ನು ನ್ಯೂಟನ್ 1687ರಲ್ಲೇ ಬರೆದಿಟ್ಟಿದ್ದಾನೆ. ಆದರೆ ಬೆಂಗಳೂರಿನ ಲಿಂಗರಾಜಪುರದಲ್ಲಿ ಎಪ್ಪತ್ತು ದಾಟಿದವರು ಬಿದ್ದಾಗ ಆ ಗ್ರಂಥವನ್ನು ಯಾರೂ ತೆರೆಯುವುದಿಲ್ಲ. ಇಲ್ಲಿ ಮಾನ್ಯವಾಗಿರುವ ಕಾರಣಗಳು ಮೂರು: ದೃಷ್ಟಿ, ಶನಿಕಾಟ ಮತ್ತು ನೆಲ ಒರೆಸಿ ಹೋದ ಕೆಲಸದಾಕೆ.

ಈ ಶಾಸ್ತ್ರಕ್ಕೆ ಅಂಟಿದ ದೊಡ್ಡ ತೊಡಕೆಂದರೆ, ಇಲ್ಲಿ ಯಾರೂ ಬೀಳುವುದೇ ಇಲ್ಲ. ಬಚ್ಚಲಲ್ಲಿ ‘ಧಡ್’ ಎಂದು ಸದ್ದಾಗುತ್ತದೆ, ಬಕೆಟ್ ಉರುಳುತ್ತದೆ, ಮನೆಮಂದಿ ಓಡಿಬರುತ್ತಾರೆ. ಒಳಗಿನಿಂದ ತಾತನ ಉತ್ತರ: “ಬಿದ್ದಿಲ್ಲ ಕಣೋ, ಸುಮ್ನೆ ಕೂತ್ಕೊಂಡೆ.” ಇದನ್ನು ನಿರಾಕರಣವಾದ ಎನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ ಅರವತ್ತು ದಾಟಿದವರ ಪಾಲೇ ದೊಡ್ಡದು. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು ಎಂದೇ ವೈದ್ಯರು “ಹಿಂದೆ ಬಿದ್ದಿದ್ರಾ?” ಎಂದು ಕೇಳುವುದು. ಸುಮ್ಮನೆ ಕೂತವರಿಗೆ ಈ ಪ್ರಶ್ನೆ ಅನ್ವಯಿಸುವುದಿಲ್ಲವಲ್ಲ!

ಕೊಂಚ ಗಣಿತ. ಸೊಂಟ ನೆಲದಿಂದ 90 ಸೆಂಟಿಮೀಟರ್ ಮೇಲಿದೆ ಎನ್ನೋಣ. ಅಷ್ಟೆತ್ತರದಿಂದ ನೇರ ಬಿದ್ದ ವಸ್ತು ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್. ಬೆಳಗಿನ ಒಂಬತ್ತಕ್ಕೆ ಲಿಂಗರಾಜಪುರದ ಫ್ಲೈಓವರ್ ಮೇಲೆ ಯಾವ ಕಾರಿಗೂ ದಕ್ಕದ ವೇಗವದು.

ಇನ್ನು ನೆಲದ ವಿಚಾರ. ಪಕ್ಕದ ಕಾಕ್ಸ್ ಟೌನಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲವೂ ನೀರು ಬಿದ್ದರೆ ಜಾರುತ್ತಿತ್ತು ನಿಜ. ಆದರೆ ಗೃಹಪ್ರವೇಶಕ್ಕೆ ಬಂದವರು ಬಗ್ಗಿ ತಲೆ ಬಾಚಿಕೊಳ್ಳುವಷ್ಟು ಹೊಳಪು ಅದಕ್ಕಿರಲಿಲ್ಲ. ಈಗ ಹಾಲ್‌ಗೆ ವಿಟ್ರಿಫೈಡ್ ಟೈಲ್ಸು, ಮೆಟ್ಟಿಲಿಗೆ ಪಾಲಿಶ್ ಗ್ರಾನೈಟು, ಬಚ್ಚಲ ನೀರು ಹೊರಗೆ ಬಾರದಂತೆ ಬಾಗಿಲಿಗೆ ಅಡ್ಡಲಾಗಿ ಎರಡಿಂಚಿನ ಕಲ್ಲುಪಟ್ಟಿ. ಆ ಪಟ್ಟಿಯಾಚೆ, ಹಳೆಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿದ ಕಾಲೊರಸು. ಎಡವಲು ಒಂದು, ಎಡವಿದವರನ್ನು ಮುಂದಕ್ಕೆ ಜಾರಿಸಲು ಇನ್ನೊಂದು. ಇಷ್ಟು ಪರಿಪೂರ್ಣ ವ್ಯವಸ್ಥೆಯನ್ನು ಯಾವ ಶತ್ರುವೂ ಕಟ್ಟಿಕೊಟ್ಟಾನೆಂದು ತೋರುವುದಿಲ್ಲ.

ಬೀಳುವ ಕ್ಷಣದಲ್ಲಿ ಕೈ ಹೋಗುವುದು ಟವೆಲ್ ರಾಡಿಗೆ. ಅದು ನಿಂತಿರುವುದು ಟೈಲ್ಸಿನ ತೂತಿಗೆ ಪ್ಲಾಸ್ಟಿಕ್ ಗಟ್ಟ ಹೊಡೆದು ಬಿಗಿದ ಪುಟ್ಟ ಸ್ಕ್ರೂಗಳ ಮೇಲೆ. ಒದ್ದೆ ಟವೆಲಿನ ಭಾರಕ್ಕೇ ಅದು ಒಂದು ಕಡೆ ವಾಲಿರುತ್ತದೆ. ಅರವತ್ತೈದು ಕಿಲೋ ಅಜ್ಜಿ ಹಿಡಿದರೆ ಅಜ್ಜಿಯ ಜೊತೆ ರಾಡೂ ಕೆಳಗೆ ಬರುತ್ತದೆ. ಕಮೋಡಿನ ಪಕ್ಕ, ಷವರಿನ ಕೆಳಗೆ, ಇಟ್ಟಿಗೆಗೆ ತಾಗುವಂತೆ ದಪ್ಪ ಬೋಲ್ಟ್ ಹಾಕಿ ಕೂರಿಸಿದ ಸ್ಟೀಲ್ ಹಿಡಿಕೆಯಾದರೆ ತಡೆದೀತು. ಪೂರ್ವಪಕ್ಷ: “ಮನೆ ಆಸ್ಪತ್ರೆ ಥರ ಕಾಣತ್ತೆ.” ಸಿದ್ಧಾಂತ: ಹಿಡಿಕೆ ಇಲ್ಲದಿದ್ದರೆ ಸೊಂಟದ ಮೂಳೆ ಮುರಿದು ನಿಜವಾದ ಆಸ್ಪತ್ರೆಯನ್ನೇ ಕಾಣಬೇಕಾಗುತ್ತದೆ.

ಈ ವಾದ ನಡೆಯುವುದು ಬೇರೆಲ್ಲೋ ಆಗಿದ್ದರೆ ಕ್ಷಮಿಸಬಹುದಿತ್ತು. 1959ರಲ್ಲಿ ಎನ್. ಎಸ್. ಹೇಮಾ ಸ್ಥಾಪಿಸಿದ, ಅಂಗವಿಕಲರ ಪುನಶ್ಚೇತನಕ್ಕೆ ದುಡಿಯುವ ಎಪಿಡಿ ಸಂಸ್ಥೆ ಇರುವುದು ಇದೇ ಲಿಂಗರಾಜಪುರದಲ್ಲಿ, ಹಚಿನ್ಸ್ ರಸ್ತೆಯ ಬದಿಗೆ. ಇಳಿಜಾರು, ಗಾಲಿಕುರ್ಚಿ, ಊರುಗೋಲುಗಳ ವಿದ್ಯೆ ಇಷ್ಟು ಹತ್ತಿರವಿದ್ದೂ ಬಡಾವಣೆಯ ಗೇಟುಗಳ ಮುಂದೆ ಹೊಳೆಯುವ ಮೆಟ್ಟಿಲುಗಳು ಏಳುತ್ತಲೇ ಇವೆ.

ಊರುಗೋಲಿಗೆ ಇಲ್ಲೊಂದು ವೇಷಾಂತರವಿದೆ: ಕೊಡೆ. ಮಾರ್ಚ್ ತಿಂಗಳ ಸುಡುಬಿಸಿಲಲ್ಲಿ ಮಡಚಿದ ಕೊಡೆಯೂರಿ ಹಾಲಿನ ಬೂತಿಗೆ ಹೋಗುವ ಹಿರಿಯರನ್ನು ಕೇಳಿದರೆ, “ಮೋಡ ಆಗಿದೆಯಲ್ಲ” ಎನ್ನುತ್ತಾರೆ. ಕೋಲಿನ ತುದಿಗಿರುವ ರಬ್ಬರ್ ಬುಷ್ ಕೊಡೆಗಿಲ್ಲ. ಅದರ ಕಬ್ಬಿಣದ ಮೂತಿ ಗ್ರಾನೈಟಿನ ಮೇಲೆ ತಾನೇ ಮೊದಲು ಜಾರುತ್ತದೆ.

ನಿಶಾಕಾಂಡ ಚಿಕ್ಕದು. ಮಲಗಿದ್ದವರು ದಡಕ್ಕನೆ ಎದ್ದಾಗ ಕೆಲವರ ಮೇಲಿನ ಬಿಪಿ 20 ಅಂಕಕ್ಕೂ ಹೆಚ್ಚು ಇಳಿದು ಕಣ್ಣು ಕತ್ತಲಿಡುತ್ತದೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಜೊತೆಗೂಡಿದರೆ ಇನ್ನೂ ಕಷ್ಟ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು, ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ಮತ್ತೆ ತೋರಿಸಬೇಕು. ದೀಪ ಹಾಕಬೇಕು ಎಂಬುದನ್ನು ಮಾತ್ರ ಕರೆಂಟ್ ಬಿಲ್ ನೋಡುವ ಹಿರಿಯರು ಒಪ್ಪುವುದಿಲ್ಲ.

ವ್ಯಾಯಾಮದ ಬಗ್ಗೆ ಪ್ರಮಾಣ ಗಟ್ಟಿಯಾಗಿದೆ. 108 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2019ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23% ತಗ್ಗುತ್ತದೆ. ಸಮತೋಲ ಮತ್ತು ಕಾಲಿನ ಬಲ ಹೆಚ್ಚಿಸುವ ಕಸರತ್ತಿಗೆ ಈ ಮಾತು ಸಲ್ಲುತ್ತದೆ. ಬರೀ ವಾಕಿಂಗಿಗೆ ಅಷ್ಟು ಧೈರ್ಯದಿಂದ ಹೇಳುವಂತಿಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಸರ್ಕಾರ ಬೀಳಿಸುವುದನ್ನು ಆ ವಿಮರ್ಶೆ ಪರಿಗಣಿಸಿದಂತಿಲ್ಲ.

ಅನುಬಂಧವಾಗಿ ಒಂದು ಪರೀಕ್ಷೆ. 1991ರಿಂದ ಬಳಕೆಯಲ್ಲಿರುವುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಇಪ್ಪತ್ತು-ಮೂವತ್ತರ ಸೈಟಿನ ಮನೆಯ ಹಾಲ್‌ನಲ್ಲಿ ಇದನ್ನು ಮಾಡಹೊರಟರೆ, ಸೋಫಾಕ್ಕೂ ಟೀವಿಗೂ ನಡುವೆ ನೇರವಾದ 3 ಮೀಟರ್ ಸಿಗುವುದಿಲ್ಲ. ಮೊಮ್ಮಗನ ಸೈಕಲ್ಲು, ಮಿಕ್ಸಿಯ ವೈರು, ಅವುಗಳ ನಡುವೆ ಗಾಜಿನ ಟೀಪಾಯಿ. ಸೈಕಲ್ಲನ್ನು ಹೊರಗಿಡಬಹುದು, ವೈರು ಸುತ್ತಿಡಬಹುದು. ಟೀಪಾಯಿ ಸೊಸೆಯ ತವರಿನಿಂದ ಬಂದದ್ದು. ಅದನ್ನು ಕದಲಿಸುವ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.