ಲಿಥುವೇನಿಯನ್ ವಿಭಕ್ತಿಗೆ ಬಣ್ಣ ಬಳಿಯುವ ಶಾಸ್ತ್ರ: ಒಂದು ಪ್ರಾಥಮಿಕ ಮೀಮಾಂಸೆ

ಲಿಥುವೇನಿಯನ್ ನಾಮಪದಕ್ಕೆ ಸಂಬೋಧನೆಯೂ ಸೇರಿ ಏಳು ವಿಭಕ್ತಿ. ನಮ್ಮ ಪಂಚಮಿಯೊಂದು ಅಲ್ಲಿಲ್ಲ. ಈ ಸುದ್ದಿ ಕೇಳಿದ ಕಲಿಗರು ಹೆದರಿ ಓಡಿಯಾರೆಂಬ ಕಳವಳದಿಂದ ಅವತರಿಸಿದ್ದೇ ‘ಬಹುಸ್ತರೀಯ ದೃಶ್ಯಾತ್ಮಕ ಪ್ರತ್ಯಯ-ಸಂವೇದನಾ ವಿಧಾನ’. ಅಂದರೆ, ಗೋಡೆಗೆ ಅಂಟಿಸುವ ಬಣ್ಣದ ಚಾರ್ಟು.

ಇಂಥ ಸಾಮಗ್ರಿಯನ್ನು ವಿದ್ವಾಂಸರು ಮೂರು ವರ್ಗ ಮಾಡುತ್ತಾರೆ. ಮೊದಲನೆಯದು ವರ್ಣಕೋಷ್ಟಕ: ಷಷ್ಠಿಗೆ ಹಸಿರು, ದ್ವಿತೀಯೆಗೆ ಕೆಂಪು, ಸಪ್ತಮಿಗೆ ನೀಲಿ. ಹಸಿರೇ ಏಕೆ ಎಂಬ ಪ್ರಶ್ನೆ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಮಾರ್ಜಾಲ-ಮೇಜು ಮಾದರಿ. ಬೆಕ್ಕು ಮೇಜಿನ ಮೇಲಿದ್ದರೆ ‘ಆಂತ್ ಸ್ತಾಲೊ’, ಕೆಳಗಿದ್ದರೆ ‘ಪೊ ಸ್ತಾಲು’. ಮೇಲಿದ್ದಾಗ ಮೇಜು ಷಷ್ಠಿಯಲ್ಲಿ, ಕೆಳಗೆ ನುಸುಳಿದರೆ ತೃತೀಯೆಯಲ್ಲಿ. ಯಾಕೆಂದು ಬೆಕ್ಕಿನ ಮುಖ ನೋಡಿದರೆ ತಿಳಿಯದು. ಅದೇ ‘ಪೊ’ ಷಷ್ಠಿಯ ಜೊತೆ ಬಂದರೆ ‘ಆದ ಮೇಲೆ’ ಎಂದಾಗುತ್ತದೆ; ‘ಪೊ ಪಿಯೆತೂ’ ಎಂದರೆ ಮಧ್ಯಾಹ್ನದ ಊಟವಾದ ಮೇಲೆ. ಇದನ್ನು ಚಿತ್ರದಲ್ಲಿ ಬರೆಯಬೇಕಾದರೆ ಬೆಕ್ಕಿಗೆ ಊಟ ಹಾಕಿಸಬೇಕು, ಬಾಯಿಯನ್ನೂ ಒರೆಸಬೇಕು. ಮೂರನೇ ವರ್ಗಕ್ಕೆ ಐದು ಉಪವರ್ಗಗಳಿವೆ. ಬೇಡ ಬಿಡಿ.

ಅಸಲು ತೊಡಕು ಬೇರೆಯೇ ಇದೆ. ‘ಸ್ತಾಲಾಸ್’ ಎಂಬ ಮೇಜಿನ ಸಪ್ತಮಿಯೂ ‘ಸ್ತಾಲೆ’, ಸಂಬೋಧನೆಯೂ ‘ಸ್ತಾಲೆ’. ಉಚ್ಚಾರಣೆಯ ಒತ್ತು ಕೊನೆಯಲ್ಲಿ ಬಿದ್ದರೆ ‘ಮೇಜಿನಲ್ಲಿ’, ಮೊದಲಲ್ಲಿ ಬಿದ್ದರೆ ‘ಎಲೈ ಮೇಜೇ’! ನಿಘಂಟು, ವ್ಯಾಕರಣ ಪುಸ್ತಕಗಳಲ್ಲಿ ಒತ್ತಿನ ಗುರುತು ಇರುತ್ತದೆ. ಪತ್ರಿಕೆಯಲ್ಲಿ, ಬೀದಿಯ ಫಲಕದಲ್ಲಿ ಇರುವುದಿಲ್ಲ. ಈ ಒತ್ತು ಪದದೊಳಗೆ ಜಾಗ ಬದಲಿಸುವ ಬಗೆಯ ಮೇಲೆಯೇ ಭಾಷಾವಿಜ್ಞಾನಿ ಫರ್ಡಿನಾಂಡ್ ದ ಸಸ್ಯೂರ್ 1894 ಮತ್ತು 1896ರಲ್ಲಿ ಎರಡು ಲೇಖನ ಬರೆದ. ಅದರ ನಿಯಮವೊಂದಕ್ಕೆ ಇಂದಿಗೂ ಅವನ ಹೆಸರಿದೆ. ಅಂಥವನ ತಲೆ ತಿಂದ ಸಂಗತಿಗೆ ಚಾರ್ಟಿನವರ ಉತ್ತರ: ಒಂದು ಚೌಕ ನೀಲಿ, ಇನ್ನೊಂದು ಗುಲಾಬಿ. ಕಿವಿಯಿಂದ ಕಲಿಯಬೇಕಾದದ್ದನ್ನು ಕಣ್ಣಿಗೆ ಮಾರಿ, ಮೇಲೆ ‘ಅತಿ ಸುಲಭ’ ಎಂದು ಬರೆಯುವುದು ಶುದ್ಧ ಮೋಸ. ಎರಡು ತಿಂಗಳು ಬಿಟ್ಟು ಬಾಯಿ ಬಿಡಲಾಗದೆ ನಿಂತವನು ದಡ್ಡ ತಾನೇ ಎಂದುಕೊಳ್ಳುತ್ತಾನೆ, ಚಾರ್ಟನ್ನು ಬೈಯುವುದಿಲ್ಲ.

ಈ ಭಾಷೆಗೆ ಚಿತ್ರದ ಕೊರತೆಯೇನೂ ಇಲ್ಲ, ಅದರ ಇತಿಹಾಸವೇ ಒಂದು ಚಿತ್ರ ಕೊಟ್ಟಿದೆ. 1864ರಿಂದ 1904ರವರೆಗೆ ಲ್ಯಾಟಿನ್ ಅಕ್ಷರದಲ್ಲಿ ಲಿಥುವೇನಿಯನ್ ಅಚ್ಚು ಹಾಕುವುದನ್ನು ಆಗ ಲಿಥುವೇನಿಯಾವನ್ನು ಆಳುತ್ತಿದ್ದ ರಷ್ಯಾದ ಝಾರ್ ಸರ್ಕಾರ ನಿಷೇಧಿಸಿತ್ತು. ಪೂರ್ವ ಪ್ರಷ್ಯಾದಲ್ಲಿ ಅಚ್ಚಾದ ಪುಸ್ತಕಗಳನ್ನು ಜನ ಬೆನ್ನ ಮೇಲೆ ಹೊತ್ತು ಗಡಿ ದಾಟಿಸುತ್ತಿದ್ದರು. ಸಿಕ್ಕಿಬಿದ್ದವರಲ್ಲಿ ಹಲವರು ಸೈಬೀರಿಯಾಕ್ಕೆ ಗಡೀಪಾರಾದರು. ಭಾಷಾಪಂಡಿತ ಯೋನಾಸ್ ಯಬ್ಲೊನ್‌ಸ್ಕಿಸ್ ತನ್ನ ವ್ಯಾಕರಣವನ್ನು 1901ರಲ್ಲಿ ಪೂರ್ವ ಪ್ರಷ್ಯಾದ ಟಿಲ್ಸಿಟ್‌ನಲ್ಲಿ ಪ್ರಕಟಿಸಿದ್ದು ಸುಳ್ಳು ಹೆಸರಿನಲ್ಲಿ. ಶಾಲೆ ಮನೆಯೊಳಗೇ ಗುಟ್ಟಾಗಿ ನಡೆಯುತ್ತಿತ್ತು. ಶಿಲ್ಪಿ ಪೆತ್ರಾಸ್ ರಿಮ್‌ಶಾ 1906ರಲ್ಲಿ ಅದನ್ನೇ ಶಿಲ್ಪವಾಗಿಸಿದ: ರಾಟೆಯಲ್ಲಿ ನೂಲುತ್ತಿರುವ ತಾಯಿ, ಪಕ್ಕದಲ್ಲಿ ಪುಸ್ತಕ ಓದುವ ಮಗು. ಮಗು ಒತ್ತು ತಪ್ಪಿದರೆ ತಿದ್ದಲು ತಾಯಿಯ ಕಿವಿ ಅಲ್ಲೇ ಇದೆ.

ಅಷ್ಟು ಪಾಡುಪಟ್ಟು ಉಳಿಸಿಕೊಂಡ ಪ್ರತ್ಯಯಗಳನ್ನು ಈಗ ಹೊಸಬನಿಗೆ ಯಾರಾದರೂ ಎದುರು ಕೂತು, ಎರಡು ‘ಸ್ತಾಲೆ’ಗಳನ್ನೂ ಬಾಯಿಬಿಟ್ಟು ಹೇಳಿಕೊಡಲಿ. ಬೆಕ್ಕು ಬೇಕಾದರೆ ಮೇಜಿನ ಮೇಲೆಯೇ ಇರಲಿ, ಷಷ್ಠಿಯಲ್ಲಿ.