ಚಾದರದೂರಿನ ಥಂಡಿ

ಮೇ ತಿಂಗಳ ಸೊಲ್ಲಾಪುರವೆಂದರೆ ಡಾಂಬರು ಚಪ್ಪಲಿಯನ್ನು ಹಿಡಿದುಕೊಂಡು ಬಿಡದ ಊರು. ಇಂಥದೊಂದು ಮಧ್ಯಾಹ್ನ, ಊರಿಗೆ ಊರೇ ಬೆವರಲ್ಲಿ ಮೀಯುತ್ತಿರುವಾಗ, ಥಂಡಿಗೆ ಗಡಗಡ ನಡುಗುತ್ತಿದ್ದವರು ಒಬ್ಬರೇ: ಅಕ್ಕಲಕೋಟದ ನಮ್ಮ ಕಾಕಾ. ಪಿತ್ತಕೋಶದ ಹರಳು ತೆಗೆಸಿಕೊಂಡು ಆಗಷ್ಟೇ ಆಪರೇಶನ್ ಥಿಯೇಟರಿನಿಂದ ಹೊರಬಂದಿದ್ದರು.

“ಏನಾತ್ರೀ ಕಾಕಾ?”

“ಒಳಗ ಕಾಶ್ಮೀರ ಮಾಡ್ಯಾರ ತಮ್ಮಾ.”

ಸಿಸ್ಟರು ಸಮಾಧಾನ ಹೇಳಿದರು: “ಆಪರೇಶನ್ ಆದಮ್ಯಾಲ ಎಲ್ಲಾರೂ ನಡಗ್ತಾರ್ರೀ, ನಾರ್ಮಲ್ ಅದ.” ಎಲ್ಲರಿಗೂ ಆಗುವುದೇ ನಾರ್ಮಲ್ ಎಂದಾದರೆ ನಮ್ಮ ರಸ್ತೆಯ ಗುಂಡಿಗಳೂ ಆರೋಗ್ಯವಾಗಿಯೇ ಇವೆ.

ಕಾಕಾನ ಮೈಮೇಲಿದ್ದದ್ದು ಒಂದು ಹಸಿರು ಬಟ್ಟೆ. ಅದರೊಳಗಿಂದ ಪಕ್ಕೆಲುಬು ಎಣಿಸಬಹುದಿತ್ತು. ಇದು ಎಲ್ಲಿ? ಚಾದರಕ್ಕೇ ಜಿಐ (ಭೌಗೋಳಿಕ ಸೂಚಕ) ಪಟ್ಟ ಪಡೆದ ಊರಿನಲ್ಲಿ! ಹಾಗಾದರೆ ಚಾದರಗಳೆಲ್ಲ ಎಲ್ಲಿ ಹೋದವು? ಅದೇ ಸಂಜೆ ಉತ್ತರ ಸಿಕ್ಕಿತು. ಆಸ್ಪತ್ರೆಯಾಚೆಯ ಪೆಂಡಾಲಿನಲ್ಲಿ ಪುಢಾರಿಯೊಬ್ಬರಿಗೆ ಸತ್ಕಾರ ನಡೆದಿತ್ತು. ಒಂದರ ಮೇಲೊಂದು ಏಳು ಚಾದರ. ಜ್ವರವಿಲ್ಲ, ಚಳಿಯಿಲ್ಲ, ಅವರ ಮೈ ಕೊಯ್ಯುವ ಧೈರ್ಯವಂತೂ ಯಾರಿಗೂ ಇಲ್ಲ.

ಅಷ್ಟಕ್ಕೂ ಕಾಕಾ ನಡುಗಿದ್ದೇಕೆ? ಅರಿವಳಿಕೆ ಕೊಟ್ಟಾಗ ನಿದ್ದೆ ಹೋಗುವವನು ರೋಗಿಯೊಬ್ಬನೇ ಅಲ್ಲ, ಮೈಯ ಕಾವು ಕಾಯುವ ಒಳಗಿನ ಕಾವಲುಗಾರನೂ ಹೋಗುತ್ತಾನೆ. ರಕ್ತನಾಳಗಳು ಸಡಿಲಗೊಂಡು, ಎದೆ-ಹೊಟ್ಟೆಯ ಬಿಸಿ ಕೈಕಾಲಿಗೆ ಹರಿದು ಸೋರಿಹೋಗುತ್ತದೆ. ಮೊದಲ ಒಂದು ತಾಸಿನಲ್ಲೇ ಒಂದು–ಒಂದೂವರೆ ಡಿಗ್ರಿ ಸೆಲ್ಸಿಯಸ್ ಖೋತಾ. ಅದರ ಮೇಲೆ, ಬೆಚ್ಚಗೆ ಮಾಡದೆ ಕೋಣೆಯಲ್ಲೇ ಇಟ್ಟ ಸಲಾಯಿನ್ ಒಂದು ಲೀಟರ್ ಏರಿಸಿದರೆ ಇನ್ನೊಂದು ಕಾಲು ಡಿಗ್ರಿ. ಆಪರೇಶನ್ ಹೊತ್ತಿನಲ್ಲಿ ಮೈಬಿಸಿ 36 ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಎಂದು ಹೆಸರು. ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಹೃದಯಕ್ಕೆ ಭಾರ, ಗಾಯಕ್ಕೆ ಕೀವು. 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೊಡ್ಡಕರುಳಿನ ಶಸ್ತ್ರಕ್ರಿಯೆಯಾದ 200 ಜನರನ್ನು ನೋಡಿದರು: ಬೆಚ್ಚಗಿಟ್ಟವರಲ್ಲಿ ಶೇ 6 ಮಂದಿಗೆ ಗಾಯ ಕೀವಾಯಿತು, ತಣ್ಣಗಾದವರಲ್ಲಿ ಶೇ 19 ಮಂದಿಗೆ. ತಣ್ಣಗಾದವರು ಬೆಚ್ಚಗಿದ್ದವರಿಗಿಂತ ಸುಮಾರು ಎರಡೂವರೆ ದಿನ ಹೆಚ್ಚು ಆಸ್ಪತ್ರೆಯಲ್ಲಿ ಉಳಿದರು. ಆ ದಿನಗಳ ಬಿಲ್ಲು ಯಾರು ಕಟ್ಟುತ್ತಾರೆಂಬುದು ನಿಮಗೆ ಗೊತ್ತು.

ಹಾಗಿದ್ದರೆ ಒಳಗೆ ಅಷ್ಟು ಎಸಿ ಯಾಕೆ? ಗೌನು, ಟೊಪ್ಪಿಗೆ, ಮಾಸ್ಕು ಹಾಕಿಕೊಂಡು ದೀಪದಡಿ ನಿಂತವರಿಗೆ ಸೆಕೆ. ರಿಮೋಟು ಎಚ್ಚರಿದ್ದವರ ಕೈಯಲ್ಲಿ. ಪ್ರಜ್ಞೆ ತಪ್ಪಿದವರಿಗೆ ಆ ಕೋಣೆಯಲ್ಲಿ ಮತದಾನದ ಹಕ್ಕಿಲ್ಲ. ಹೊರಗಿನ ಪೆಂಡಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದೊಂದೇ. ಅಲ್ಲಿ ಪ್ರಜ್ಞೆ ತಪ್ಪಿದವರ ಮತವನ್ನೇ ನೆಚ್ಚಿರುತ್ತಾರೆ.

ಉಪಾಯ ಇಲ್ಲವೆಂದಲ್ಲ. ಬಿಸಿಗಾಳಿ ತುಂಬುವ ಹೊದಿಕೆಯ ಯಂತ್ರವಿದೆ, ಸಲಾಯಿನ್ ಬೆಚ್ಚಗೆ ಮಾಡುವ ಪೆಟ್ಟಿಗೆಯಿದೆ. ಬ್ರಿಟನ್ನಿನವರು 2008ರಲ್ಲೇ ನಿಯಮ ಬರೆದಿಟ್ಟರು: 36 ಡಿಗ್ರಿ ಇಲ್ಲದೆ ಅರಿವಳಿಕೆ ಶುರುಮಾಡಬೇಡಿ, ತುರ್ತು ಆಪರೇಶನ್ ಆದರೆ ಮಾತ್ರ ಬೇರೆ ಮಾತು, ಆಮೇಲೆ ಅರ್ಧ ಗಂಟೆಗೊಮ್ಮೆ ಅಳೆಯಿರಿ. ಚಾದರ ತಾನಾಗಿ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಕಾಯುತ್ತದೆ. ಥಿಯೇಟರಿನ ಬಾಗಿಲವರೆಗಾದರೂ ಅದು ಕಾಕಾನ ಜೊತೆ ಹೋಗಬಹುದಿತ್ತು.

ಡಿಸ್ಚಾರ್ಜ್ ದಿನ ನಾವು ಮಾಡಿದ್ದೇನು? ರೂಢಿ ಬಿಡಲಾಗದೆ ಡಾಕ್ಟರಿಗೆ ತೆಂಗಿನಕಾಯಿ ಕೊಟ್ಟು ಸೊಲ್ಲಾಪುರಿ ಚಾದರ ಹೊದಿಸಿದೆವು.

“ಇಷ್ಟ್ ಬಿಸಿಲಾಗ ಚಾದರ ಯಾಕ್ರೀ?” ಎಂದರು ಅವರು.

“ಒಳಗ ಬೇಕಾಗ್ತದ್ರೀ ಸಾಹೇಬ್ರ,” ಎಂದರು ಕಾಕಾ. ಡಾಕ್ಟರು ನಕ್ಕರು. ಕಾಕಾ ನಗಲಿಲ್ಲ.

ಓದುಗರೇ, ಆಪರೇಶನ್ ಕಾಗದಕ್ಕೆ ಸಹಿ ಹಾಕುವಾಗ ಖರ್ಚೆಷ್ಟು, ಎಷ್ಟು ದಿನ ಎಂದು ಕೇಳುತ್ತೀರಿ. ಇನ್ನೊಂದನ್ನೂ ಕೇಳಿ: “ಒಳಗ ನಮ್ಮವರ ಮೈಬಿಸಿ ಯಾರು ನೋಡ್ತಾರ್ರೀ?”