ಶುಕ್ರವಾರದ ಶನಿ

ಮಿನಿಯಾಪೊಲಿಸ್‌ನ ನಮ್ಮ ಕನ್ನಡ ಕೂಟದವರು ಸಂಕ್ರಾಂತಿಗೆ ಸೇರಿದಾಗ ಎಳ್ಳುಬೆಲ್ಲ ಕೊಡುತ್ತಾ ಯಾರನ್ನು ಮಾತಾಡಿಸಿದರೂ ಕಂಪ್ಯೂಟರ್ ಕಡೆಯವರೇ. ಒಬ್ಬರು ಕ್ಲೌಡ್, ಒಬ್ಬರು ಡೇಟಾಬೇಸ್, ಇನ್ನೊಬ್ಬರು ಸೆಕ್ಯುರಿಟಿ. ಆದರೆ "ನಮ್ಮನೆ ಡೆಸ್ಕ್‌ಟಾಪ್ ತಾನಾಗೇ ಆಫ್ ಆಗ್ತಿದೆ, ಒಂದ್ಸಲ ಬಂದು ನೋಡ್ತೀರಾ?" ಅಂದ ಕೂಡಲೇ ಎಲ್ಲರಿಗೂ ಪುಳಿಯೋಗರೆ ಪಾತ್ರೆಯ ಕಡೆ ತುರ್ತು ಕೆಲಸ. ಸಾವಿರಾರು ಸರ್ವರ್‌ಗಳನ್ನು ಕೂತಲ್ಲಿಂದಲೇ ಕುಣಿಸುವ ಇವರ ಮನೆಗಳಲ್ಲಿ ಒಂದು ಸ್ಟಾರ್ ಸ್ಕ್ರೂಡ್ರೈವರ್ ಇರುವುದಿಲ್ಲ. ನಮಗೆ ಕೊನೆಗೆ ಅದು ಸಿಕ್ಕಿದ್ದು ಹಲ್ಲಿನ ಡಾಕ್ಟರೊಬ್ಬರ ಬಳಿ.

ನಮ್ಮ ಇವರೂ ಅದೇ ಪೈಕಿ. ಆಫೀಸಿನಲ್ಲಿ ಏನೇ ಕೆಟ್ಟರೂ ಮೂಲ ಕಾರಣ ಹುಡುಕುವ ತಂಡಕ್ಕೆ ಇವರೇ ಯಜಮಾನರು. ಮನೆಯ ಕಂಪ್ಯೂಟರ್ ಕೈಕೊಡಲು ಶುರುಮಾಡಿದ್ದು ಹಾಸನದಿಂದ ಅತ್ತೆ ಬಂದಿಳಿದ ಮೇಲೆ ಎಂಬ ಸಣ್ಣ ಸಂಗತಿ ಮಾತ್ರ ಇವರ ಗಮನಕ್ಕೆ ಬರಲಿಲ್ಲ. ನನ್ನ ಗಮನಕ್ಕೆ ಬಂದಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡ ಸೊಸೆ ನಾನಲ್ಲ.

ನಾದಿನಿಯ ಮದುವೆಯ ಹಳೆ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡುವ ಹುಮ್ಮಸ್ಸು ಇವರಿಗೆ. ರಾತ್ರಿ ಕೆಲಸ ಹಚ್ಚಿ ಮಲಗುವುದು, ಬೆಳಗ್ಗೆ ಎದ್ದು ನೋಡುವುದು. ವಾರವೆಲ್ಲ ಎಲ್ಲವೂ ಸುಸೂತ್ರ. ಶನಿವಾರ ಬೆಳಗ್ಗೆ ಮಾತ್ರ ಪರದೆ ಕಪ್ಪು, ಧಾರೆಗೆ ಮುಂಚೆಯೇ ಮದುವೆ ನಿಂತಿರುತ್ತಿತ್ತು. "ಕರೆಂಟ್ ಹೋಯ್ತೇನೋ?" ಅಂತ ಅತ್ತೆ ಪ್ರತಿ ಸಲವೂ ನಿಜವಾದ ಕಳಕಳಿಯಿಂದ ಕೇಳುತ್ತಿದ್ದರು. ಊರು ಬಿಟ್ಟರೂ ಈ ಪ್ರಶ್ನೆ ಬಿಡುವುದಿಲ್ಲ.

ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿ ಇದೆ. ಇವರು ಅದನ್ನು ಬಗೆದು, "ಸಿಕ್ತು! ಕರ್ನಲ್ ಪವರ್ 41!" ಎಂದು ಕೂಗಿದರು. ನಾನು ಹತ್ತಿರ ಹೋಗಿ ಓದಿದೆ. ಕಂಪ್ಯೂಟರ್ ಸರಿಯಾಗಿ ಆಫ್ ಆಗದೆ ಮತ್ತೆ ಶುರುವಾಗಿದೆ ಎಂದಷ್ಟೇ ಅದರ ಅರ್ಥ. ಅಷ್ಟು ನಮಗೂ ಗೊತ್ತಿತ್ತು. "ನಲವತ್ತೊಂದು ಅಂದ್ರೆ ಅಯ್ಯಪ್ಪನ ಮಂಡಲ ಕಣೋ, ಏನೋ ಹರಕೆ ಬಾಕಿ ಇರ್ಬೇಕು" ಎಂದರು ಅತ್ತೆ. ಆ ಹೊತ್ತಿಗೆ ಎರಡು ವಿವರಣೆಗಳಲ್ಲಿ ಅತ್ತೆಯದೇ ಹೆಚ್ಚು ಉಪಯೋಗದ್ದು ಅನಿಸಿತು ನನಗೆ.

ಬೆಂಗಳೂರಿನಿಂದ ಮೈದುನನ ತೀರ್ಪು ಫೋನಿನಲ್ಲೇ ಬಂತು: "ಎಸ್‌ಎಂಪಿಎಸ್ ಹೋಗಿದೆ. ಎಸ್.ಪಿ. ರೋಡಿಗೆ ತಗೊಂಡೋದ್ರೆ ಅರ್ಧ ಗಂಟೆ ಕೆಲಸ." ಎಸ್.ಪಿ. ರೋಡು ಹದಿಮೂರು ಸಾವಿರ ಕಿಲೋಮೀಟರ್ ದೂರ ಇದ್ದದ್ದರಿಂದ 650 ವ್ಯಾಟಿನ ಹೊಸ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ ಬಂತು. ಮುಂದಿನ ಶನಿವಾರವೂ ಪರದೆ ಕಪ್ಪು. ಮೆಮೊರಿ ಪರೀಕ್ಷೆ ಆಯಿತು, ತಪ್ಪೇನೂ ಇಲ್ಲ. ಡಾಕ್ಟರ ಸ್ಕ್ರೂಡ್ರೈವರ್ ಹಿಡಿದು ಪ್ರೊಸೆಸರ್ ಮೇಲಿನ ಫ್ಯಾನು ಬಿಚ್ಚಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟರು. "ಅಷ್ಟೇನಾ? ಕೈ ಬಿಗಿ ಮಾಡ್ಬೇಡ, ಇನ್ನೊಂಚೂರು ಹಾಕು" ಎಂದು ಅತ್ತೆ ಬೆನ್ನ ಹಿಂದೆ ನಿಂತು ಒತ್ತಾಯ ಮಾಡಿದರು.

ಆಮೇಲೆ ಕಣ್ಣು ಬಿದ್ದದ್ದು ಮಗನ ಮೇಲೆ. ಶುಕ್ರವಾರ ಸಂಜೆ ಒಂಬತ್ತರವರೆಗೆ ಅವನು ಗೇಮ್ ಆಡುತ್ತಾನೆ. ಅದರಿಂದ ಕಾದ ಯಂತ್ರ ರಾತ್ರಿ ಸುಸ್ತಾಗುತ್ತದೆ ಎಂಬುದು ಇವರ ಸಿದ್ಧಾಂತ. ಹುಡುಗನಿಗೆ ಆಟ ಬಂದ್. ಅವನು ಕಣ್ಣೀರು ಹಾಕಿದ, ಅಜ್ಜಿ ಕೊಬ್ಬರಿ ಮಿಠಾಯಿ ಕೊಟ್ಟು ಸಮಾಧಾನ ಮಾಡಿದರು. ಶನಿವಾರ ಪರದೆ ಕಪ್ಪು.

ಇಷ್ಟಾದ ಮೇಲೆ ಇವರು ಮಾಡಿದ್ದು ನಿಜಕ್ಕೂ ಬುದ್ಧಿವಂತರ ಕೆಲಸ. ಒಳಗಿನ ಉಷ್ಣಾಂಶವನ್ನು ನಿಮಿಷ ನಿಮಿಷಕ್ಕೂ ಬರೆದಿಡುವ ಪ್ರೋಗ್ರಾಂ ಹಾಕಿಟ್ಟರು. ಪ್ರೊಸೆಸರ್ ತೀರಾ ಕಾದರೆ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಕಾವು 100 ಡಿಗ್ರಿಯ ಆಚೀಚೆ ಏರುತ್ತಲೇ ಹೋದರೆ, ಸುಟ್ಟುಹೋಗುವ ಬದಲು ಯಾರನ್ನೂ ಕೇಳದೆ ಆಫ್ ಆಗಿಬಿಡುತ್ತದೆ. ಶನಿವಾರ ಬೆಳಗ್ಗೆ ದೋಸೆ ತಿನ್ನುತ್ತಾ ಇವರು ಟೇಬಲ್ ಮೇಲೆ ಗ್ರಾಫ್ ಹರಡಿದರು. ಹತ್ತೂಕಾಲರವರೆಗೆ ಗೆರೆ ತೆಪ್ಪಗೆ ಮಲಗಿತ್ತು. ಅಲ್ಲಿಂದ ಚಾಮುಂಡಿ ಬೆಟ್ಟ ಹತ್ತಿದ ಹಾಗೆ ಏರಿ, 99 ಮುಟ್ಟಿ, ಹನ್ನೆರಡಕ್ಕೆ ಮುಂಚೆ ತುಂಡಾಗಿತ್ತು.

"ಹತ್ತೂಕಾಲಕ್ಕೆ ಅಂಥದ್ದೇನಾಗುತ್ತೆ ಈ ಮನೇಲಿ?" ಎಂದರು ಇವರು.

ಅತ್ತೆ ಕಾವಲಿಯ ಮೇಲೆ ಹಿಟ್ಟು ಹರಡುತ್ತಾ, ತಿರುಗಿಯೂ ನೋಡದೆ, "ಇನ್ನೇನು, ನಾನು ಹಿಟ್ಟು ಇಡೋ ಹೊತ್ತು" ಎಂದರು.

ಚಟ್ನಿಯ ಕಡೆ ಹೊರಟಿದ್ದ ಕೈ ಅಲ್ಲೇ ನಿಂತಿತು. "ಎಲ್ಲಿಡ್ತೀಯಾ?"

"ಅದೇ ನಿನ್ನ ಪೆಟ್ಟಿಗೆ ಮೇಲೆ. ಎಷ್ಟು ಹಿತವಾಗಿ ಬೆಚ್ಚಗಿರುತ್ತೆ ಅಂತೀಯಾ!"

ಎದ್ದು ಹೋಗಿ ನೋಡಿದೆವು. ಕ್ಯಾಬಿನೆಟ್ಟಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಜಾಲರಿ. ಅದರ ಮೇಲೆ ಸ್ಟೀಲ್ ಡಬರಿಯ ತಳದಷ್ಟೇ ದುಂಡನೆಯ ಕಲೆ, ಅಂಚಿನಲ್ಲಿ ಒಣಗಿ ಬಿರುಕುಬಿಟ್ಟ ಹಿಟ್ಟಿನ ಬಿಳಿ ಗೆರೆ, ಪಕ್ಕದಲ್ಲಿ ಒಂದು ಉದ್ದಿನ ಸಿಪ್ಪೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬರಿ ಇಟ್ಟು, ಟರ್ಕಿ ಟವಲ್ಲನ್ನು ಹಿಂದಿನ ಫ್ಯಾನೂ ಮುಚ್ಚುವಂತೆ ಸುತ್ತ ಹೊದಿಸಿ, ಬೆಳಗ್ಗೆ ಐದಕ್ಕೆ ಎತ್ತಿಬಿಡುತ್ತಿದ್ದರಂತೆ. ದೋಸೆ ಹಿಟ್ಟು ಹುದುಗಲು ಸುಮಾರು 30 ಡಿಗ್ರಿ ಬೇಕು. ಇಡೀ ಮನೆಯಲ್ಲಿ ಅಷ್ಟು ಕಾವಿರುವ ಒಂದೇ ಒಂದು ಜಾಗವನ್ನು ಅವರು ಬರೀ ಅಂಗೈ ಇಟ್ಟು ಪತ್ತೆಹಚ್ಚಿದ್ದರು. ಇವರ ಪ್ರೋಗ್ರಾಂಗಿಂತ ತಿಂಗಳು ಮುಂಚೆ.

ಇವರು ಆಫೀಸಿನ ಧಾಟಿಗೆ ಬಂದರು. ಟೊಯೊಟಾ ಕಾರ್ಖಾನೆಯಿಂದ ಬಂದ ಪದ್ಧತಿಯಂತೆ. ಮೇಲಿಂದ ಮೇಲೆ ಐದು ಸಲ "ಯಾಕೆ" ಎಂದು ಕೇಳಿದರೆ ಮೂಲ ಕಾರಣ ಹೊರಗೆ ಬೀಳುತ್ತದೆ. ಆಫ್ ಆಗಿದ್ದು ಯಾಕೆ? ಕಾವೇರಿದ್ದಕ್ಕೆ. ಕಾವೇರಿದ್ದು ಯಾಕೆ? ಜಾಲರಿ ಮುಚ್ಚಿದ್ದಕ್ಕೆ. ಮುಚ್ಚಿದ್ದು ಯಾಕೆ? ಹಿಟ್ಟಿಗೆ ಬೆಚ್ಚಗಿನ ಜಾಗ ಬೇಕಾಗಿದ್ದಕ್ಕೆ. "ಸರಿ, ಅವನ್ ಒಳಗೆ ದೀಪ ಹಾಕಿ ಇಡಬಹುದಿತ್ತಲ್ಲ, ಯಾಕೆ ಇಡಲಿಲ್ಲ?"

"ಹೋದ ಸಲ ಬಂದಾಗ ಅಲ್ಲೇ ಇಡ್ತಿದ್ದೆ. ಈಗ ನೀನು ಹೊಸದು ತಂದಿದ್ದೀಯಲ್ಲ, ಅದರ ದೀಪ ಬರೀ ಬೆಳಕು. ಕಾವೇ ಇಲ್ಲ." ಎಲ್‌ಇಡಿ. ಕರೆಂಟ್ ಉಳಿಯುತ್ತೆ ಅಂತ ಇವರೇ ಆರಿಸಿದ್ದು.

"ಮತ್ತೆ ಅಡುಗೆಮನೆ ಕಟ್ಟೆ ಮೇಲೆ ಯಾಕೆ ಇಡಲಿಲ್ಲ?"

ಅತ್ತೆ ಉತ್ತರ ಕೊಡಲಿಲ್ಲ. ಸೀರೆಯ ಮೇಲೆ ಹಾಕಿದ್ದ ಸ್ವೆಟರಿನ ಗುಂಡಿಯೊಂದನ್ನು ಹಾಕಿಕೊಂಡರು. ಮಗ ಗೋಡೆಯ ಥರ್ಮೋಸ್ಟಾಟ್ ಕಡೆ ನೋಡಿದ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಒಳಗೆ 66 ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 19. ಅದನ್ನು ಯಾರೂ ಮುಟ್ಟಬಾರದೆಂದು ಪಾಸ್‌ವರ್ಡ್ ಹಾಕಿದವರು ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಫೀಸಿನ ಇಂಥ ಸಭೆಗಳಲ್ಲಿ ಯಾರ ಹೆಸರನ್ನೂ ಎತ್ತಬಾರದೆಂಬ ನಿಯಮ ಇದೆಯೆಂದು ಇವರೇ ಹೇಳಿದ್ದರಿಂದ ನಾವೂ ಎತ್ತಲಿಲ್ಲ.

ಥರ್ಮೋಸ್ಟಾಟ್ 67ಕ್ಕೆ ಏರಿತು. ಅದಕ್ಕಿಂತ ಹೆಚ್ಚಿನ ಔದಾರ್ಯವನ್ನು ನಾನೂ ನಿರೀಕ್ಷಿಸಿರಲಿಲ್ಲ. ಅಷ್ಟಕ್ಕೆ ಹಿಟ್ಟು ಉಬ್ಬುತ್ತದೆಯೇ? ಅದರ ಮುಂದಿನ ಶನಿವಾರ ಕಂಪ್ಯೂಟರ್ ಮದುವೆಯನ್ನು ಆರತಕ್ಷತೆಯವರೆಗೂ ನಡೆಸಿಕೊಟ್ಟಿತು, ದೋಸೆ ಮಾತ್ರ ಕಾವಲಿ ಬಿಟ್ಟು ಏಳಲಿಲ್ಲ. ಇವರು ಎರಡು ದಿನ ಮಂಕಾಗಿದ್ದು, ಪವರ್ ಸಪ್ಲೈ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ತಂದು ಕಂಪ್ಯೂಟರಿನ ಹಿಂದೆ, ಫ್ಯಾನಿನಿಂದ ಒಂದಡಿ ಬಿಟ್ಟು ಇಟ್ಟರು. ಬಾಯಿ ಫ್ಯಾನಿನ ಕಡೆಗೆ, ಡಬರಿ ಒಳಗೆ. ಮದುವೆ ಕ್ಯಾಸೆಟ್ಟುಗಳೂ ಮುಗಿದಿದ್ದವು. ಯಂತ್ರ ಕಾಯಬೇಕಾದರೆ ಯಾರಾದರೂ ಅದಕ್ಕೆ ಕೆಲಸ ಕೊಡಬೇಕಲ್ಲ?

ಈಗ ಶುಕ್ರವಾರ ರಾತ್ರಿ ಹನ್ನೊಂದಾದರೂ ನಮ್ಮ ಮಗ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿರುತ್ತಾನೆ. ನಿದ್ದೆ ಬರುತ್ತಿದೆ ಎಂದು ಎದ್ದರೆ, ಪೆಟ್ಟಿಗೆಯೊಳಗೆ ಇಣುಕಿ ನೋಡಿ ಇವರೇ ಹೇಳುತ್ತಾರೆ: "ಏಯ್, ಯಾಕೋ ಎದ್ದೆ? ಇನ್ನೊಂದು ಗಂಟೆ ಆಡು. ಹಿಟ್ಟು ಇನ್ನೂ ಅರ್ಧಕ್ಕೇ ಇದೆ."